ಮಂಜರಾಬಾದ್: ಹೆಸರಿನ ಐತಿಹ್ಯ ಮತ್ತು ಯಾತ್ರಿಕರ ಹಾದಿ

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಕುಟುಂಬಗಳು ಧರ್ಮಸ್ಥಳಕ್ಕೆ ಹೊರಟಾಗ ಹಾಸನದಿಂದ ಸಕಲೇಶಪುರದ ಮಾರ್ಗ ಹಿಡಿಯುವುದು ರೂಢಿ. ಶಿರಾಡಿ ಘಾಟಿ ಇಳಿಯುವ ಮುನ್ನ ದೋಣಿಗಾಲಿನ ಬಳಿ ವಾಹನ ನಿಲ್ಲಿಸಿ, ಬುತ್ತಿ ಬಿಚ್ಚಿ ಉಂಡು, ಮಕ್ಕಳು ಮರಿಗಳೊಡನೆ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತುವುದೂ ಅನೇಕರಿಗೆ ಈ ಯಾತ್ರೆಯ ಅಂಗವೇ ಆಗಿದೆ.

ಮೆಟ್ಟಿಲ ಮೇಲೆ ಹಿರಿಯರು ಕಿರಿಯರಿಗೆ ಹೇಳುವ ಐತಿಹ್ಯ ಚಿಕ್ಕದು. ಕೋಟೆ ನೋಡಲು ಬಂದ ಟಿಪ್ಪು ಸುಲ್ತಾನನಿಗೆ ಮಂಜಿನ ಹೊರತು ಏನೂ ಕಾಣಲಿಲ್ಲ. ಆತ ಅದಕ್ಕೆ ಮಂಜಿನ ಹೆಸರನ್ನೇ ಇಟ್ಟನು. ಬರಹದ ಆಕರಗಳೂ ಈ ವಿವರಣೆಯನ್ನು ಪುನರುಚ್ಚರಿಸುತ್ತ ಬಂದಿವೆ. ಆದರೆ ‘ಮಂಜು’ವಿಗೆ ‘ಆಬಾದ್’ ಸೇರಿದರೆ ನಡುವಣ ರಕಾರಕ್ಕೆ ಆಧಾರ ದೊರೆಯುವುದಿಲ್ಲ. ಅರಬ್ಬಿಯಿಂದ ಪಾರಸಿ, ಉರ್ದುಗಳಿಗೆ ಬಂದ ‘ಮಂಜರ್’ ಎಂಬುದಕ್ಕೆ ನೋಟ, ದೃಶ್ಯ ಎಂಬ ಅರ್ಥವಿದೆ. ಮೈಸೂರಿನ ನಜರಾಬಾದಿನ ‘ನಜರ್’ ಇದೇ ಧಾತುವಿನಿಂದ ಬಂದುದು. ಇದೇ ಯಾತ್ರೆಯ ಇನ್ನೊಂದು ತುದಿಯಲ್ಲಿ, ಬೆಳ್ತಂಗಡಿಯ ಸಮೀಪ, ಟಿಪ್ಪುವಿನ ಜಮಾಲಾಬಾದ್ ಕೋಟೆಯಿದೆ. ಈ ಸಾಲಿನಲ್ಲಿಟ್ಟು ನೋಡಿದರೆ ‘ನೋಟದ ನೆಲೆ’ ಎಂಬ ಅರ್ಥವೇ ಹೆಚ್ಚು ಸಂಭವನೀಯ. ಮಂಜುನಾಥನ ದರ್ಶನಕ್ಕೆ ಹೊರಟವರ ಕಿವಿಗೆ ‘ಮಂಜು’ ಬೇಗ ಕೇಳಿಸಿದುದರಲ್ಲಿ ಆಶ್ಚರ್ಯವಿಲ್ಲ.

ಕೋಟೆಯ ರಚನೆ ನೋಟದ ವಾದಕ್ಕೆ ಪೂರಕವಾಗಿದೆ. ಎಂಟು ಮೂಲೆಗಳ ಈ ನಕ್ಷತ್ರಾಕಾರ ಫ್ರಾನ್ಸಿನ ವೊಬಾನನ ಪದ್ಧತಿಯನ್ನು ನೆನಪಿಸುತ್ತದೆ. ಚಾಚಿದ ಪ್ರತಿಯೊಂದು ಮೂಲೆಯಿಂದಲೂ ಪಕ್ಕದ ಗೋಡೆಯ ಬುಡ ಕಾಣಬೇಕೆಂಬುದೇ ಆ ಪದ್ಧತಿಯ ತತ್ತ್ವ. ದ್ವಾರಗಳ ಕಮಾನುಗಳು ಮಾತ್ರ ಇಸ್ಲಾಮೀ ಶೈಲಿಯವು. ಒಳಗೆ ಅರಮನೆಯಿಲ್ಲ; ನಡುವೆ ಶಿಲುಬೆಯಾಕಾರದ ಮೆಟ್ಟಿಲುಗೊಳವಿದೆ.

ಐತಿಹ್ಯವು ಕೈಬಿಟ್ಟಿರುವುದು ಬಲಂ ಸೀಮೆಯ ಪಾಳೆಯಗಾರರನ್ನು. ಮೂರನೆಯ ಮೈಸೂರು ಯುದ್ಧದಲ್ಲಿ ಐಗೂರಿನ ಕೃಷ್ಣಪ್ಪ ನಾಯಕನು ಮರಾಠರ ಪರಶುರಾಮ ಭಾವುವಿನ ಪಕ್ಷ ವಹಿಸಿ, 1792ರ ಸಂಧಿಯ ನಂತರ ಕೊಡಗಿಗೆ ಓಡಿಹೋಗಬೇಕಾಯಿತು. ಘಾಟಿಯ ಬಾಯಲ್ಲಿ ಕೋಟೆ ಬೇಕಾದುದು ಮಂಗಳೂರಿನ ಹಾದಿಗಾಗಿ ಮಾತ್ರವಲ್ಲ, ಇಂತಹ ನಾಯಕರ ಮೇಲಣ ಕಣ್ಣಿಗಾಗಿಯೂ ಎಂದು ತಿಳಿಯುವುದು ಯುಕ್ತ. ಟಿಪ್ಪುವಿನ ಪತನಾನಂತರ ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕನು ಬಂಡೆದ್ದನು. ಮುಂದೆ ವಾಟರ್ಲೂ ಗೆದ್ದ ಆರ್ಥರ್ ವೆಲ್ಲೆಸ್ಲಿ 1802ರಲ್ಲಿ ದಂಡೆತ್ತಿ ಬಂದು ಅವನನ್ನು ಅಡಗಿಸಿದನು. ಸೆರೆಸಿಕ್ಕ ನಾಯಕನಿಗೆ ಗಲ್ಲಾಯಿತು. ಹೆಸರಿಟ್ಟ ಸುಲ್ತಾನ ಮೆಟ್ಟಿಲ ಕಥೆಯಲ್ಲಿ ಉಳಿದಿದ್ದಾನೆ, ನೆಲದ ನಾಯಕನಿಲ್ಲ. ಒಂದು ಕಾಲಕ್ಕೆ ಇಡೀ ತಾಲ್ಲೂಕೇ ಮಂಜರಾಬಾದ್ ಎನಿಸಿಕೊಂಡಿತ್ತು. ಬಲಂ ಎಂಬ ಹೆಸರು ಹಿಂದೆ ಸರಿಯಲು ಇದೂ ಒಂದು ಕಾರಣವಿರಬೇಕು.

ಮಳೆಗಾಲದಲ್ಲಿ ಹತ್ತಿದವರಿಗೆ ಗೋಡೆಯಾಚೆ ಏನೂ ಕಾಣದು. ಇಳಿಯುವಾಗ ಅವರು ಹಳೆಯ ಕಥೆಯನ್ನೇ ಮತ್ತೆ ಹೇಳಿಕೊಳ್ಳುತ್ತಾರೆ.