ಅಂಗವೈಕಲ್ಯ ಪಿಂಚಣಿ: ರುಜುವಾತಿನ ಹೊಣೆ ಯಾರದು?

ಬೈಲಹೊಂಗಲ ಸೀಮೆಯ ದೊಡವಾಡದಂಥ ಊರಿನಿಂದ ಸೈನ್ಯ ಸೇರಿದವರು ಗುಂಡೇಟು ತಿಂದು ಮರಳಿದರೆ ಗಾಯ ಊರಿಗೆಲ್ಲ ಕಾಣುತ್ತದೆ. ಮಿದುಳಿಗಾದ ಹಾನಿ ಹಾಗೆ ಕಾಣುವುದಿಲ್ಲ. ‘ಇದಕ್ಕೂ ಸೇವೆಗೂ ಸಂಬಂಧವಿಲ್ಲ’ ಎಂದು ವೈದ್ಯಕೀಯ ಮಂಡಳಿ ಬರೆದರೆ ಅಂಗವೈಕಲ್ಯ ಪಿಂಚಣಿ ಕೈತಪ್ಪುತ್ತದೆ. ಇಂಥ ಷರಾವನ್ನು ಪ್ರಶ್ನಿಸಿ ಗೆದ್ದವರು ಧರ್ಮವೀರ್ ಸಿಂಗ್.

1985ರಲ್ಲಿ ಸೇನೆಯ ಸಿಗ್ನಲ್ಸ್ ದಳ ಸೇರಿದ ಅವರನ್ನು 1994ರಲ್ಲಿ ಮೂರ್ಛೆರೋಗದ ಕಾರಣ ಬಿಡುಗಡೆ ಮಾಡಲಾಯಿತು. ಶೇ 20ರಷ್ಟು ಅಂಗವೈಕಲ್ಯವನ್ನು ಒಪ್ಪಿದ ಮಂಡಳಿ, ಅದು ಸೇವೆಯಿಂದ ಬಂದದ್ದೆಂದು ಒಪ್ಪಲಿಲ್ಲ. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು ವಿಭಾಗೀಯ ಪೀಠದಲ್ಲಿ ಸೋತ ಅವರಿಗೆ, 2013ರ ಜುಲೈ 2ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ದೊರೆಯಿತು.

1982ರ ನಿಯಮಗಳನ್ನು ಆಧರಿಸಿದ ಈ ತೀರ್ಪಿನ ತಿರುಳು ಸರಳ. ಭರ್ತಿಯಾಗುವಾಗ ಕಾಯಿಲೆಯನ್ನು ದಾಖಲಿಸದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ತಿಳಿಯಬೇಕು. ಸೇವೆ ಕಾರಣವಲ್ಲ ಎನ್ನುವ ಮಂಡಳಿ ಅದಕ್ಕೆ ಕಾರಣ ಬರೆಯಬೇಕು. ರುಜುವಾತಿನ ಹೊಣೆ ಸೈನಿಕನದಲ್ಲ. ಸಂದೇಹದ ಲಾಭ ಅವನಿಗೇ ಸಲ್ಲಬೇಕು. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಮಾತ್ರ ಹೊಸ ನಿಯಮಗಳು ಅನ್ವಯಿಸುತ್ತವೆ.

ಮಂಡಳಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಮೊದಲು ಇಲಾಖೆಗೇ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿ ಫಲ ಸಿಗದಿದ್ದರೆ 2007ರ ಕಾಯ್ದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ವಕೀಲರ ಖರ್ಚಿಗೆ ಅಂಜಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಂಗವಿಕಲರು ಉಚಿತ ನೆರವಿಗೆ ಅರ್ಹರು. ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.

ಬಿಡುಗಡೆ ಪುಸ್ತಕ, ಆಸ್ಪತ್ರೆಯ ಚೀಟಿಗಳು, ಮಂಡಳಿಯ ವರದಿ ಟ್ರಂಕಿನ ತಳದಲ್ಲಿದ್ದರೆ ಮನೆಯವರು ಜೋಪಾನ ಮಾಡಲಿ. ಮರೆವಿನ ಕಾಯಿಲೆಯವನ ಪರವಾಗಿ ಮಾತನಾಡುವುದು ಆ ಕಾಗದಗಳೇ.