ಕೊಟ್ಟದ್ದರ ಲೆಕ್ಕ, ಗುಣವಾದದ್ದರ ಲೆಕ್ಕ

ನಮ್ಮ ಧರ್ಮಕೇಂದ್ರಗಳಲ್ಲಿ ಆರೋಗ್ಯ ಶಿಬಿರ ಮುಗಿದ ಮೇಲೆ ವರದಿಯೊಂದನ್ನು ಓದುವ ವಾಡಿಕೆಯಿದೆ. ಇಷ್ಟು ಮಂದಿ ಬಂದರು, ಇಷ್ಟು ಮಂದಿಗೆ ಔಷಧ ವಿತರಿಸಲಾಯಿತು, ಇಷ್ಟು ಹಣ ವೆಚ್ಚವಾಯಿತು ಎಂದು ಹೇಳಿ, ದಾನಿಗಳಿಗೆ ವಂದನೆ ಸಲ್ಲಿಸಿ ಸಭೆಯನ್ನು ಮುಗಿಸುತ್ತೇವೆ. ಆ ಔಷಧದಿಂದ ಎಷ್ಟು ಮಂದಿ ಗುಣಮುಖರಾದರು ಎಂದು ಕೇಳುವವರು ವಿರಳ. ಕೇಳಿದರೆ ದುಡಿದವರ ಮನಸ್ಸು ನೊಂದೀತೆಂಬ ಸಂಕೋಚ ನಮ್ಮದು. ಆದರೆ ಇದೇ ಪ್ರಶ್ನೆಯನ್ನು ಕೇಳಿ, ಬಂದ ಉತ್ತರಕ್ಕೆ ತಲೆಬಾಗಿದ ಇತಿಹಾಸವೊಂದು ನಮ್ಮ ದಕ್ಷಿಣ ಭಾರತದಲ್ಲಿಯೇ ಇದೆ. ಅದು ಕ್ಷಯರೋಗದ ವಿರುದ್ಧ ನಡೆದ ಹೋರಾಟದ ಇತಿಹಾಸ.

ಔಷಧಗಳಿಲ್ಲದ ಕಾಲದಲ್ಲಿ ಕ್ಷಯರೋಗಿಗೆ ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಕರ ಆಹಾರಗಳೇ ಚಿಕಿತ್ಸೆ. ಅದಕ್ಕೆಂದೇ ಆರೋಗ್ಯಧಾಮಗಳು ಹುಟ್ಟಿಕೊಂಡವು. ಮದನಪಲ್ಲಿಯ ಸಮೀಪದ ಆರೋಗ್ಯವರಂನಲ್ಲಿ ಕ್ರೈಸ್ತ ಮಿಷನ್ನುಗಳು ಕೂಡಿ ಕಟ್ಟಿದ ಆರೋಗ್ಯಧಾಮ ಇವುಗಳಲ್ಲಿ ಹೆಸರಾಂತದ್ದು. 1952ರ ಹೊತ್ತಿಗೆ ಐಸೋನಿಯಾಜಿಡ್ ಮಾತ್ರೆ ಬಳಕೆಗೆ ಬಂದಾಗ ಹೊಸದೊಂದು ಪ್ರಶ್ನೆ ಎದ್ದಿತು: ಹಾಸಿಗೆಗಳು ಕೆಲವೇ, ರೋಗಿಗಳು ಲಕ್ಷಾಂತರ, ಹೀಗಿರುವಾಗ ಬಡವನೊಬ್ಬ ತನ್ನ ಗುಡಿಸಲಿನಲ್ಲೇ ಇದ್ದು ಮಾತ್ರೆ ಸೇವಿಸಿದರೆ ಗುಣವಾಗಲಾರನೇ?

ಇದನ್ನು ತಿಳಿಯಲು ಮದ್ರಾಸಿನಲ್ಲಿ 1956ರಲ್ಲಿ ಕ್ಷಯ ಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ನಗರದ ಇನ್ನೂರಕ್ಕೆ ಸಮೀಪದ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ವೈದ್ಯರೇ ಆಯ್ಕೆ ಮಾಡಿದ್ದರೆ, ಹೆಚ್ಚು ಬಳಲಿದವರು ಒಂದೇ ಕಡೆ ಸೇರಿ ಹೋಲಿಕೆ ಕೆಡುತ್ತಿತ್ತು. ಒಂದು ಗುಂಪು ಆರೋಗ್ಯಧಾಮಕ್ಕೆ, ಇನ್ನೊಂದು ಮನೆಗೆ; ಔಷಧ ಮಾತ್ರ ಇಬ್ಬರಿಗೂ ಒಂದೇ. ಮನೆಯಲ್ಲಿದ್ದವರಿಗೆ ಊಟ ಕಡಿಮೆ, ದುಡಿಮೆ ಹೆಚ್ಚು, ಮಲಗಲು ಇಕ್ಕಟ್ಟಿನ ಕೋಣೆ. ಆದರೂ ವರ್ಷದ ಕೊನೆಗೆ ಆರೋಗ್ಯಧಾಮದವರಲ್ಲಿ ಶೇಕಡಾ 92ರಷ್ಟು, ಮನೆಯವರಲ್ಲಿ ಶೇಕಡಾ 86ರಷ್ಟು ರೋಗಿಗಳಲ್ಲಿ ರೋಗ ಶಮನವಾಗಿತ್ತು. ಮನೆಯ ಇತರರಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಆರೋಗ್ಯಧಾಮಗಳ ಯುಗಕ್ಕೇ ಮುಕ್ತಾಯ ಹಾಡಲು ಕಾರಣವಾಯಿತು.

ಎರಡನೆಯ ಪಾಠ ನಮ್ಮ ನಾಡಿನದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಅಜ್ಞಾನಿಗಳು, ತಮ್ಮ ರೋಗವನ್ನು ತಾವೇ ಅರಿಯರು, ಆದ್ದರಿಂದ ಎಕ್ಸ್‌ರೇ ವಾಹನಗಳೊಂದಿಗೆ ಅವರನ್ನು ಹುಡುಕಿಕೊಂಡು ಹೋಗಬೇಕೆಂಬುದು ಆಗ ಅನೇಕ ತಜ್ಞರ ನಂಬಿಕೆ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ರೋಗಿಗಳನ್ನೇ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿ ಹೋಗಿಯೂ ಇದ್ದರು. ಹೋದವರಲ್ಲಿ ಬಹಳಷ್ಟು ಜನರಿಗೆ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಲಾಗಿತ್ತು. ಅವರು ಬಾಗಿಲಿಗೆ ಬಂದಿದ್ದರು; ಬಾಗಿಲಲ್ಲಿದ್ದವರು ಅವರ ರೋಗವನ್ನು ಗುರುತಿಸಲಿಲ್ಲ. ಬಂದವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಪರೀಕ್ಷಿಸುವ ಮಾರ್ಗವನ್ನು 1962ರ ರಾಷ್ಟ್ರೀಯ ಕಾರ್ಯಕ್ರಮ ಹಿಡಿದದ್ದರ ಹಿಂದೆ ಈ ಅರಿವಿತ್ತು.

ಮೂರನೆಯ ಪಾಠ ಇವೆಲ್ಲಕ್ಕಿಂತ ಕಹಿಯಾದುದು. ಬಿ.ಸಿ.ಜಿ. ಲಸಿಕೆ 1948ರಲ್ಲಿ ಭಾರತಕ್ಕೆ ಬಂದಿತು. 1951ರಿಂದ ಲಸಿಕೆಯ ತಂಡಗಳು ದೇಶದ ಹಳ್ಳಿಹಳ್ಳಿಗೆ ನಡೆದವು. ಕೋಟ್ಯಂತರ ಮಕ್ಕಳು ತೋಳು ಒಡ್ಡಿದರು. 1955ರಲ್ಲಿ ರಾಜಾಜಿಯವರು ಇದನ್ನು ಬಹಿರಂಗವಾಗಿ ವಿರೋಧಿಸಿದಾಗ ಪರ-ವಿರೋಧಗಳ ವಾಗ್ವಾದ ಕಾವೇರಿತು. ಬ್ರಿಟನ್ನಿನ ಪ್ರಯೋಗದಲ್ಲಿ ಲಸಿಕೆ ಉತ್ತಮ ರಕ್ಷಣೆ ನೀಡಿತ್ತು. ಅಮೆರಿಕದ ಕೆಲವೆಡೆ ಅದರ ಫಲ ಅತ್ಯಲ್ಪವಾಗಿತ್ತು. ನಮ್ಮಲ್ಲಿ ಹೇಗೆ? ವಾಗ್ವಾದದಿಂದ ಇದು ತೀರ್ಮಾನವಾಗುವಂತಿರಲಿಲ್ಲ.

1968ರಲ್ಲಿ ಮದ್ರಾಸಿನ ಬಳಿಯ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಮಹಾ ಪ್ರಯೋಗವೊಂದು ಆರಂಭವಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಲಸಿಕೆ, ಉಳಿದವರಿಗೆ ಲಸಿಕೆಯಿಲ್ಲದ ದ್ರಾವಣ. ಯಾರಿಗೆ ಯಾವುದು ಸಂದಿತೆಂಬುದು ಪಡೆದವರಿಗೂ ತಿಳಿಯದು, ಚುಚ್ಚಿದವರಿಗೂ ತಿಳಿಯದು. ತಿಳಿದಿದ್ದರೆ ಆಶೆಯೇ ಕಣ್ಣನ್ನು ಮಂಜುಗೊಳಿಸುತ್ತಿತ್ತು. ಏಳೂವರೆ ವರ್ಷಗಳ ನಂತರದ ಲೆಕ್ಕ 1979ರಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣು ಕಾಣುವ ಶ್ವಾಸಕೋಶದ ಕ್ಷಯದಿಂದ ಲಸಿಕೆ ಆ ಜನರಿಗೆ ರಕ್ಷಣೆ ನೀಡಿರಲಿಲ್ಲ. ಹದಿನೈದು ವರ್ಷಗಳ ಅನುಸರಣೆಯ ವರದಿ 1999ರಲ್ಲಿ ಬಂದಾಗಲೂ ಚಿತ್ರ ಬದಲಾಗಲಿಲ್ಲ.

ಇಷ್ಟು ವರ್ಷಗಳ ಶ್ರಮಕ್ಕೆ ಇಂಥ ಉತ್ತರ ಬಂದಾಗ ಅದನ್ನು ಕಡತದೊಳಗೆ ಹೂತಿಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ ಲೋಕದ ಮುಂದಿಟ್ಟರು. ಹಾಗೆಂದು ಲಸಿಕೆ ನಿರರ್ಥಕವೆಂದು ಯಾರೂ ಭಾವಿಸಬಾರದು. ಎಳೆಯ ಮಕ್ಕಳನ್ನು ಮೆದುಳಿನ ಪೊರೆಯ ಕ್ಷಯ ಮತ್ತು ದೇಹವೆಲ್ಲ ಹರಡುವ ಕ್ಷಯದಿಂದ ಬಿ.ಸಿ.ಜಿ. ಕಾಪಾಡುತ್ತದೆಂಬುದು ಬೇರೆ ಅಧ್ಯಯನಗಳಿಂದ ದೃಢಪಟ್ಟಿದೆ. ಆದ್ದರಿಂದಲೇ ಇಂದಿಗೂ ನವಜಾತ ಶಿಶುಗಳಿಗೆ ಅದನ್ನು ಕೊಡಲಾಗುತ್ತದೆ. ತಾಯಿತಂದೆಯರು ತಪ್ಪದೆ ಕೊಡಿಸಬೇಕು. ಆದರೆ ವಯಸ್ಕರಲ್ಲಿ ಹರಡುವ ಕ್ಷಯವನ್ನು ತಡೆಯಲು ಲಸಿಕೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ರೋಗಿಯನ್ನು ಬೇಗ ಗುರುತಿಸಿ, ಪೂರ್ಣ ಚಿಕಿತ್ಸೆ ನೀಡಬೇಕೆಂಬುದನ್ನು ಈ ಪ್ರಯೋಗ ನಮಗೆ ಸ್ಪಷ್ಟಪಡಿಸಿತು.

ದಿನದ ಕೊನೆಗೆ ಆತ್ಮಪರಿಶೋಧನೆ ಮಾಡಿಕೊಳ್ಳುವಾಗ ನಾವು ಉದ್ದೇಶವನ್ನಷ್ಟೇ ನೋಡಿ ತೃಪ್ತರಾಗುವುದಿಲ್ಲ. ನಮ್ಮ ನಡೆಯಿಂದ ನೆರೆಯವನಿಗೆ ಏನಾಯಿತೆಂದೂ ಕೇಳಿಕೊಳ್ಳುತ್ತೇವೆ. ಸೇವೆಗೂ ಅದೇ ಪರಿಶೋಧನೆ ಬೇಕು. ಮುಂದಿನ ಶಿಬಿರದ ವರದಿಗೆ ಒಂದು ಪುಟ ಸೇರಿಸೋಣ. ಮೂರು ತಿಂಗಳ ನಂತರ ಬಂದವರ ಮನೆಗಳಿಗೆ ಹೋಗಿ, ಯಾರ ಕೆಮ್ಮು ನಿಂತಿತು, ಯಾರು ಮಾತ್ರೆಯನ್ನು ನಡುವೆಯೇ ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಿ ಬರೆಯೋಣ. ಆ ಪುಟಕ್ಕೆ ಚಪ್ಪಾಳೆ ದೊರೆಯದಿರಬಹುದು. ಆದರೆ ಅದರ ನಂತರದ ಶಿಬಿರ ಹೇಗಿರಬೇಕೆಂಬುದನ್ನು ಆ ಪುಟವೇ ನಮಗೆ ಕಲಿಸುತ್ತದೆ.