ಚಾಟಿ ಹಿಡಿದ ತರ್ಕ

ಕ್ರಿ.ಶ. 833ರಲ್ಲಿ ಬಗ್ದಾದಿನ ಅಧಿಕಾರಿ ಇಸ್‌ಹಾಕ್ ಬಿನ್ ಇಬ್ರಾಹೀಮ್‌ಗೆ ಅಬ್ಬಾಸಿ ಖಲೀಫ ಮಾಮೂನನಿಂದ ಒಂದು ಪತ್ರ ಬಂತು. ನಗರದ ನ್ಯಾಯಾಧೀಶರನ್ನೂ ಹದೀಸ್ ವಿದ್ವಾಂಸರನ್ನೂ ಕರೆಸಿ, ಕುರ್‌ಆನ್ ಅಲ್ಲಾಹನ ಒಂದು ಸೃಷ್ಟಿ ಎಂದು ಒಪ್ಪುತ್ತೀರಾ ಎಂದು ಕೇಳಬೇಕು ಎಂಬುದು ಅದರ ಆಜ್ಞೆ. ಈ ವಿಚಾರಣೆ ಇತಿಹಾಸದಲ್ಲಿ 'ಮಿಹ್ನ', ಅಂದರೆ ಪರೀಕ್ಷೆ ಎಂದು ಹೆಸರಾಗಿದೆ.

ಇಲ್ಲೊಂದು ವಿಪರ್ಯಾಸವಿದೆ. ಮಾಮೂನನು ಸಂಕುಚಿತ ದೊರೆಯಲ್ಲ. ಗ್ರೀಕ್ ತತ್ವಶಾಸ್ತ್ರ, ಗಣಿತ, ಖಗೋಳ ವಿಜ್ಞಾನದ ಗ್ರಂಥಗಳ ಅರಬಿ ಅನುವಾದಕ್ಕೆ ಆಶ್ರಯ ಕೊಟ್ಟವನು ಆತ. ಅವನು ಮೆಚ್ಚಿದ ಮುಅ್‌ತಝಿಲ ಪಂಥದವರು ಬುದ್ಧಿಗೆ, ತರ್ಕಕ್ಕೆ ಹೆಚ್ಚಿನ ಸ್ಥಾನ ಕೊಟ್ಟವರು. ಅನಾದಿಯಾದವನು ಅಲ್ಲಾಹನೊಬ್ಬನೇ, ಕುರ್‌ಆನನ್ನೂ ಅನಾದಿ ಎಂದರೆ ಏಕದೇವತ್ವಕ್ಕೆ ಧಕ್ಕೆ ಎಂಬುದು ಅವರ ವಾದ. ಅಲ್ಲಾಹನ ವಚನವನ್ನು ಸೃಷ್ಟಿ ಎನ್ನಲಾಗದು ಎಂಬುದು ಹದೀಸ್ ವಿದ್ವಾಂಸರ ನಿಲುವು. ಇದು ಮಸೀದಿಯ ಅಂಗಳದಲ್ಲಿ ಚರ್ಚೆಯಾಗಿಯೇ ಉಳಿಯಬಹುದಿತ್ತು. ಆದರೆ ಒಂದು ಪಕ್ಷದ ಕೈಗೆ ರಾಜದಂಡ ಸಿಕ್ಕಿತು.

ಹೆಚ್ಚಿನವರು ಭಯಕ್ಕೆ ಮಣಿದು 'ಹೌದು' ಎಂದರು. ಕೊನೆಯವರೆಗೂ ಮಣಿಯದ ಇಮಾಮ್ ಅಹ್ಮದ್ ಬಿನ್ ಹಂಬಲ್ ಮತ್ತು ಯುವಕ ಮುಹಮ್ಮದ್ ಬಿನ್ ನೂಹ್‌ರನ್ನು ಸಂಕೋಲೆ ತೊಡಿಸಿ ಖಲೀಫನ ಬಳಿಗೆ ಕಳುಹಿಸಲಾಯಿತು. ಅಷ್ಟರಲ್ಲಿ ಮಾಮೂನ್ ತೀರಿಕೊಂಡ. ಮರಳುವ ದಾರಿಯಲ್ಲಿ ಇಬ್ನು ನೂಹ್ ಕೂಡಾ ಅಸುನೀಗಿದರು. ಮುಂದಿನ ಖಲೀಫ ಮುಅ್‌ತಸಿಮ್ ಇಮಾಮರಿಗೆ ಚಾಟಿಯೇಟು ಕೊಡಿಸಿದ. ಕುರ್‌ಆನ್ ಅಥವಾ ಸುನ್ನತಿನಿಂದ ಪುರಾವೆ ಕೊಡಿ, ಒಪ್ಪುತ್ತೇನೆ ಎಂಬುದೇ ಅವರ ಉತ್ತರವಾಗಿತ್ತು. ತರ್ಕವಾದಿಗಳು ಚಾಟಿ ಬೀಸುತ್ತಿದ್ದರು, 'ಸಂಪ್ರದಾಯವಾದಿ' ಪುರಾವೆ ಕೇಳುತ್ತಿದ್ದರು! ನಂತರದ ಖಲೀಫ ವಾಸಿಕನ ಕಾಲದಲ್ಲಿ ಇಮಾಮ್ ಶಾಫಿಈಯವರ ಶಿಷ್ಯ ಬುವೈತಿ ಸೆರೆಮನೆಯಲ್ಲೇ ಕೊನೆಯುಸಿರೆಳೆದರು.

847ರಲ್ಲಿ ಪಟ್ಟಕ್ಕೆ ಬಂದ ಮುತವಕ್ಕಿಲ್ ಕೆಲವೇ ವರ್ಷಗಳಲ್ಲಿ ಮಿಹ್ನವನ್ನು ಕೊನೆಗೊಳಿಸಿದ. ಆದರೆ ಅವನು ಚರ್ಚೆಗೆ ಬಾಗಿಲು ತೆರೆಯಲಿಲ್ಲ. ಕುರ್‌ಆನಿನ ಕುರಿತ ವಾಗ್ವಾದವನ್ನೇ ನಿಷೇಧಿಸಿದ. ಆಜ್ಞೆಯ ದಿಕ್ಕು ಬದಲಾಯಿತೇ ಹೊರತು ಆಜ್ಞೆ ಹೋಗಲಿಲ್ಲ. ಅರಮನೆಯ ಉಡುಗೊರೆಗಳಿಂದ ಇಮಾಮ್ ಅಹ್ಮದ್ ದೂರವೇ ಉಳಿದು, 855ರಲ್ಲಿ ನಿಧನರಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಒಂದು ಪಕ್ಷವನ್ನು ಹೊಗಳಿ ಸುಮ್ಮನಾಗಬಹುದಿತ್ತು. ಮಹಾನ್ ಇತಿಹಾಸಕಾರ, ಕುರ್‌ಆನ್ ವ್ಯಾಖ್ಯಾನಕಾರ ತಬರಿ, ಫಿಕ್‌ಹ್ ವಿದ್ವಾಂಸರ ಭಿನ್ನಾಭಿಪ್ರಾಯಗಳ ಕುರಿತ ತಮ್ಮ ಗ್ರಂಥದಲ್ಲಿ ಇಮಾಮ್ ಅಹ್ಮದ್‌ರನ್ನು ಸೇರಿಸಲಿಲ್ಲ. ಅವರು ಹದೀಸ್ ವಿದ್ವಾಂಸರೆಂಬುದು ತಬರಿಯವರ ಅಭಿಪ್ರಾಯ. ಅಷ್ಟಕ್ಕೇ ಬಗ್ದಾದಿನ ಹಂಬಲಿ ಗುಂಪುಗಳು ಅವರ ಮನೆಗೆ ಕಲ್ಲೆಸೆದವೆಂದು ಚರಿತ್ರೆ ಹೇಳುತ್ತದೆ. ಏಟು ತಿಂದವರ ಅನುಯಾಯಿಗಳು ನೂರು ವರ್ಷ ಕಳೆಯುವ ಮುನ್ನವೇ ಕಲ್ಲು ಹಿಡಿದಿದ್ದರು.

ಹಾಗಾದರೆ ದಾರಿ ಯಾವುದು? ಇದಕ್ಕೂ ಹಿಂದಿನ ಒಂದು ಘಟನೆಯನ್ನು ಚರಿತ್ರೆ ದಾಖಲಿಸಿದೆ. ಇಮಾಮ್ ಮಾಲಿಕ್‌ರ 'ಮುವತ್ತ' ಗ್ರಂಥವನ್ನೇ ಇಡೀ ಸಾಮ್ರಾಜ್ಯದ ಕಾನೂನಾಗಿಸಲು ಅಬ್ಬಾಸಿ ಖಲೀಫನೊಬ್ಬ ಮುಂದಾದ. ಯಾವ ಗ್ರಂಥಕರ್ತನಿಗಾದರೂ ಇದಕ್ಕಿಂತ ದೊಡ್ಡ ಗೌರವವಿದೆಯೇ? ಆದರೆ ಇಮಾಮರು ಬೇಡವೆಂದರು. ಪ್ರವಾದಿಯವರ(ಸ) ಅನುಚರರು ಬೇರೆ ಬೇರೆ ನಾಡುಗಳಲ್ಲಿ ನೆಲೆಸಿದ್ದಾರೆ, ಅಲ್ಲಿನ ಜನರು ಅವರಿಂದ ಕಲಿತಿದ್ದಾರೆ, ಅವರನ್ನು ಅವರ ಪಾಡಿಗೆ ಬಿಡಿ ಎಂಬುದು ಅವರ ಸಲಹೆಯಾಗಿತ್ತು.

ತನ್ನ ಮಾತು ಸರಿಯೆಂಬ ದೃಢವಿಶ್ವಾಸವಿದ್ದೂ ಅದನ್ನು ಇತರರ ಮೇಲೆ ಹೇರಲು ಒಪ್ಪದ ಈ ವಿನಯವೇ ನಮಗಿಂದು ಬೇಕಾಗಿರುವುದು. ಸ್ವತಂತ್ರ ಚಿಂತನೆಯೆಂದರೆ ನಾನು ಯೋಚಿಸುವುದಷ್ಟೇ ಅಲ್ಲ. ನನ್ನೆದುರು ಕುಳಿತವನಿಗೂ ಯೋಚಿಸಲು ಬಿಡುವುದು.